ಕಟ್ಟದ ಮನೆಗೆ ಆರು ಕಂತು

ಯಶವಂತಪುರದ ರೈಲ್ವೆ ಸ್ಟೇಷನ್ನಿನ ಹಿಂದಿದ್ದ ಆ ವಠಾರದಲ್ಲಿ ಏಳು ಮನೆ, ಒಂದು ನಲ್ಲಿ, ಒಂದು ಸೀಬೆಮರ. ಲೆಕ್ಕ ಬರುವ ತಲೆ ಮಾತ್ರ ಒಂದೇ ಒಂದು, ಅದು ಅಂಜಿನಮ್ಮನದು. ಓದು ಬರಹ ಅವಳ ಹತ್ತಿರ ಸುಳಿದಿರಲಿಲ್ಲ. ನಾಗಸಂದ್ರದಲ್ಲಿ ಸೊಪ್ಪು ಬೆಳೆಯುವವರ ಮನೆಯಲ್ಲಿ ಹುಟ್ಟಿದವಳು. ಎಂಟನೇ ವಯಸ್ಸಿಗೇ ಅಪ್ಪನ ಪಕ್ಕ ಸಂತೆಯಲ್ಲಿ ಕೂತು, ಒಂದು ಕಟ್ಟು ಸೊಪ್ಪಿಗೆ ಇಷ್ಟಾದರೆ ನೂರು ಕಟ್ಟಿಗೆ ಎಷ್ಟು ಅನ್ನುವುದನ್ನು ಬೆರಳು ಮಡಚದೆ ಹೇಳುತ್ತಿದ್ದಳು. ಅಪ್ಪ ಆಗ ಗಿರಾಕಿಗಳ ಮುಂದೆ ಮೀಸೆ ತಿರುವುತ್ತಿದ್ದನಂತೆ.

ಸರ್ಕಾರದವರು ಆಣೆ ತೆಗೆದು ನಯಾಪೈಸೆ ತಂದ ವರ್ಷ ವಠಾರಕ್ಕೆ ವಠಾರವೇ ಕಂಗಾಲಾಯಿತು. ಆರಾಣೆಗೆ ಎಷ್ಟು ನಯಾಪೈಸೆ? ಹಾಲಿನವನು ಮೂವತ್ತೆಂಟು ಅಂದ, ಕೊಳ್ಳುವವಳು ಮೂವತ್ತೇಳು ಅಂದಳು. ಜಗಳ ಜೋರಾಗಿ ಇಬ್ಬರೂ ಅಂಜಿನಮ್ಮನ ಬಾಗಿಲಿಗೆ ಬಂದರು. ಅವಳು ರಾಗಿ ಕೇರುತ್ತಿದ್ದ ಮೊರ ಕೂಡ ಕೆಳಗಿಡಲಿಲ್ಲ. "ಮೂವತ್ತೇಳೂವರೆ. ಆ ಅರ್ಧ ಯಾರಿಗೆ ಸೇರ್ಬೇಕು ಅಂತ ನೀವಿಬ್ರೇ ಒಡೆದಾಡ್ಕೊಳಿ, ನನ್ನ ಕೆಲಸ ಕೆಡಿಸ್ಬೇಡಿ" ಅಂದಳು. ಅವತ್ತಿನಿಂದ ಆಣೆಯನ್ನು ಪೈಸೆ ಮಾಡಿಸಿಕೊಳ್ಳಲು ಪಕ್ಕದ ಬೀದಿಯವರೂ ಬರತೊಡಗಿದರು. ಹೀಗಾಗಿ ಅವಳಿಗೆ ತನ್ನ ತಲೆಯ ಮೇಲೆ ಸ್ವಲ್ಪ ಜಂಬವೇ ಇತ್ತು. ಇರಲಿ ಬಿಡಿ, ಒಡವೆಯ ಜಂಬಕ್ಕಿಂತ ಅದು ವಾಸಿ.

ಅವಳ ಗಂಡ ಪಿಳ್ಳಪ್ಪ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕೈ ಚುರುಕು, ಬಾಯಿ ನಿಧಾನ. ಹತ್ತು ಮಾತು ಆಡಬೇಕಾದಲ್ಲಿ ಒಂದು ಆಡಿ, ಉಳಿದ ಒಂಬತ್ತನ್ನು ನುಂಗಿಕೊಂಡು ನಗುವ ಆಸಾಮಿ. ಅತ್ತೆ ದೊಡ್ಡಮುನಿಯಮ್ಮ ಎಪ್ಪತ್ತರ ಹತ್ತಿರದವಳು. ಬೆಳಗ್ಗೆ ಎದ್ದು ಮುಖ ತೊಳೆದರೆ ಮೊದಲು ಎಲೆ ಅಡಿಕೆ, ಆಮೇಲೆ ದೇವರು. ಮಗಳು ಮುನಿಕೃಷ್ಣಮ್ಮ ನಾಲ್ಕನೇ ಕ್ಲಾಸು. ತಿಂಗಳ ಒಂದನೇ ತಾರೀಖು ಪಿಳ್ಳಪ್ಪ ತರುವ ನೂರೈವತ್ತು ರೂಪಾಯಿ ಅಟ್ಟದ ಮೇಲಿನ ಬಿಸ್ಕತ್ ಡಬ್ಬದೊಳಗೆ ಹೋಗುತ್ತಿತ್ತು. ಬಾಡಿಗೆ ಹದಿನೆಂಟು, ರೇಷನ್ನು, ಸೌದೆ, ಹಾಲು, ಅತ್ತೆಯ ಎಲೆ ಅಡಿಕೆಗೆ ವಾರಕ್ಕೆ ಮುಕ್ಕಾಲು ರೂಪಾಯಿ, ಎಲ್ಲವೂ ಆ ಡಬ್ಬದಿಂದಲೇ. ಡಬ್ಬದಲ್ಲಿ ಯಾವ ದಿನ ಎಷ್ಟು ಉಳಿದಿದೆ ಅನ್ನುವುದನ್ನು ಅಂಜಿನಮ್ಮ ಮುಚ್ಚಳ ತೆಗೆಯದೆಯೇ ಹೇಳಬಲ್ಲವಳಾಗಿದ್ದಳು.

ಕಾರ್ಖಾನೆಯ ಕಾರ್ಮಿಕರು ಸೇರಿ ಮನೆ ಕಟ್ಟಿಕೊಳ್ಳುವ ಒಂದು ಸೊಸೈಟಿ ಮಾಡಿಕೊಂಡಿದ್ದರು. ಪಿಳ್ಳಪ್ಪ ಅದರ ಸೈಟಿಗೆಂದು ತಿಂಗಳಿಗೆ ಇಪ್ಪತ್ತು ರೂಪಾಯಿಯ ಚೀಟಿ ಕಟ್ಟಿ ಕಟ್ಟಿ, ೧೯೬೦ರ ಡಿಸೆಂಬರಿನಲ್ಲಿ ಚೀಟಿ ಮುಗಿದು, ಮತ್ತಿಕೆರೆ ದಾರಿಯಲ್ಲಿ ಮೂವತ್ತು ನಲವತ್ತರ ಒಂದು ಸೈಟು ಕೈಗೆ ಬಂತು. ಇನ್ನು ಮನೆಗೆ ಸಾಲ. ಸೊಸೈಟಿಯ ಕಾರ್ಯದರ್ಶಿ ಕೃಷ್ಣಯ್ಯನವರು ಸಂಬಳದ ನಲವತ್ತರಷ್ಟು ಕೊಡುತ್ತೇವೆ ಅಂದರು. ಅಂದರೆ ಆರು ಸಾವಿರ. ಹದಿನೈದು ವರ್ಷ, ತಿಂಗಳಿಗೆ ಐವತ್ತು ರೂಪಾಯಿ ಕಂತು. ಎಷ್ಟು ಬೇಕೆಂದು ಜುಲೈ ಹತ್ತರೊಳಗೆ ಬರೆದುಕೊಡಬೇಕು. ಮೂರು ಕಂತು ತಪ್ಪಿದರೆ ಮನೆ ಸೊಸೈಟಿಯದು.

ಆರು ಸಾವಿರ ಅನ್ನುತ್ತಲೇ ಪಿಳ್ಳಪ್ಪನಿಗೆ ತಾರಸಿ ಕಂಡಿತು. ಬೇಸಗೆಯಲ್ಲಿ ಚಾಪೆ ಹಾಸಿ ಮಲಗುವ ತಾರಸಿ, ನಿಂತರೆ ತುಮಕೂರು ರೈಲು ಹೋಗುವುದು ಕಾಣುವ ತಾರಸಿ. ಮೂರು ದಿನ ಅವನ ಬಾಯಲ್ಲಿ ಅದೇ ಮಾತು, ಅದೂ ಅವನಂಥವನ ಬಾಯಲ್ಲಿ.

"ತಾರಸಿ ನನಗೂ ಬೇಡ್ವಾ?" ಅಂದಳು ಅಂಜಿನಮ್ಮ. "ಹನ್ನೊಂದು ವರ್ಷದಿಂದ ಒಂದೇ ನಲ್ಲಿ, ಒಂದೇ ಬಚ್ಚಲು. ಮೈಗೆ ನೀರು ಉಯ್ಕೊಂಡ್ರೆ ಆಚೆಯಿಂದ ಕದ ಬಡೀತಾರೆ. ನನಗೂ ಮನೆ ಬೇಕು. ಆದ್ರೆ ಚೀಟಿಯ ಇಪ್ಪತ್ತು ಉಳೀತದೆ, ಅದರ ಮೇಲೆ ಒಂದು. ಬಾಡಿಗೆ ಹದಿನೆಂಟು ಸೇರಿಸಿದ್ರೆ ಮೂವತ್ತೊಂಬತ್ತು. ಐವತ್ತು ಎಲ್ಲಿಂದ ತರ್ತೀರಿ?"

"ತಂದ್ರೆ ಆಯ್ತದೆ ಕಣೇ."

"ಏನು, ಸೀಬೆಮರದಾಗೆ ಬಿಡ್ತದಾ?"

ಇದು ವಾರಗಟ್ಟಲೆ ನಡೆಯಿತು. ಕೊನೆಗೆ ಒಂದು ದಿನ ಅಂಜಿನಮ್ಮನೇ ದಾರಿ ಹುಡುಕಿದಳು. ಜುಲೈಗೆ ಇನ್ನೂ ಆರು ತಿಂಗಳಿದೆ. ಸಾಲವೇ ಇಲ್ಲದೆ ಕಂತು ಕಟ್ಟಿ ನೋಡೋಣ. ಬಾಡಿಗೆ ಹದಿನೆಂಟು ಹೇಗೂ ಕೊಡುತ್ತಿದ್ದೇವೆ, ಸ್ವಂತ ಮನೆ ಆದರೆ ಅದು ಉಳಿಯುತ್ತದೆ. ಐವತ್ತರಲ್ಲಿ ಹದಿನೆಂಟು ಹೋದರೆ ಮೂವತ್ತೆರಡು. ಆ ಮೂವತ್ತೆರಡನ್ನು ಪ್ರತಿ ತಿಂಗಳ ಕೊನೆಗೆ ಯಾರಾದರೂ ನಂಬಿಕಸ್ತರ ಕೈಗೆ ಹಾಕಿ, ವಾಪಸ್ ಕೇಳದೆ ಇರುವುದು. ಆರು ತಿಂಗಳೂ ಕಟ್ಟಿದರೆ ಆರು ಸಾವಿರ. ಆಗದಿದ್ದರೆ ಎಷ್ಟು ಆಯಿತೋ ಅಷ್ಟಕ್ಕೇ ಸಾಲ. ಪಿಳ್ಳಪ್ಪ ಒಪ್ಪಿದ. ಅತ್ತೆ "ನಮ್ಮ ಕಾಲದಾಗೆ ಇಂಥ ಆಟ ಇರ್ಲಿಲ್ಲ" ಅಂದು ಒಪ್ಪಿದಳು.

ನಂಬಿಕಸ್ತರು ಅಂದರೆ ಎದುರು ಮನೆಯ ಕುಬ್ರಾಬಿ, ಮತ್ತ್ಯಾರು? ಗಂಡ ಮುಜಫ್ಫರ್ ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಕೆಲಸಕ್ಕಿದ್ದ. ಕುಬ್ರಾಬಿ ರವಿಕೆ ಹೊಲಿಯುತ್ತಿದ್ದಳು. ಅವಳೂ ಅಂಜಿನಮ್ಮನೂ ಒಂದೇ ವರ್ಷ ವಠಾರಕ್ಕೆ ಬಂದವರು. ದಿನಾ ಮಧ್ಯಾಹ್ನ ಮೂರು ಗಂಟೆಗೆ, ಒಂದು ದಿನ ಕುಬ್ರಾಬಿಯ ಮನೆಯಲ್ಲಿ ಟೀ, ಮರುದಿನ ಅಂಜಿನಮ್ಮನ ಮನೆಯಲ್ಲಿ ಕಾಫಿ. ಹನ್ನೊಂದು ವರ್ಷದಲ್ಲಿ ಇದು ತಪ್ಪಿದ್ದು ಹೆರಿಗೆಗಳಲ್ಲಿ ಮಾತ್ರ.

ವಿಷಯ ಕೇಳಿ ಕುಬ್ರಾಬಿಗೆ ಖುಷಿಯೋ ಖುಷಿ. "ಅರೆ, ನಾನು ಸೊಸೈಟಿನಾ!" ಅಂದವಳು ಹೊಲಿಗೆ ಮಿಷಿನ್ನಿನ ಹಿಂದೆ ನೆಟ್ಟಗೆ ಕೂತು, ಗಂಡನ ಹಳೇ ಕನ್ನಡಕ ಮೂಗಿನ ಮೇಲಿಟ್ಟುಕೊಂಡು, "ನೆಕ್ಸ್ಟ್!" ಅಂದಳು. ರಸೀತಿ ಕೊಡುವುದು ಅಂತಲೂ ತಾನೇ ತೀರ್ಮಾನ ಮಾಡಿದಳು. ಅವಳಿಗೆ ಬರುತ್ತಿದ್ದದ್ದು ಉರ್ದು ಬರಹ. ಅಂಜಿನಮ್ಮನ ಮನೆಯಲ್ಲಿ ಯಾರಿಗೂ ಅದು ಬಾರದು. ಆದರೆ ರಸೀತಿ ರಸೀತಿಯೇ, ಬಂದಿದ್ದನ್ನು ದೇವರ ಪಟದ ಹಿಂದೆ ಸಿಕ್ಕಿಸಿದರಾಯಿತು.

ಜನವರಿ ಕೊನೆಯ ದಿನ ಅಂಜಿನಮ್ಮ ಇಪ್ಪತ್ತಮೂರು ರೂಪಾಯಿ ಹಿಡಿದು ಎದುರು ಮನೆಗೆ ಹೋದಳು. ಒಂಬತ್ತು ರೂಪಾಯಿ ಕಮ್ಮಿ.

"ಪರವಾಗಿಲ್ಲ ಬಿಡು ಅಂಜಿನಮ್ಮಾ, ಮುಂದಿನ ತಿಂಗಳು ನೋಡೋಣ" ಅಂದಳು ಕುಬ್ರಾಬಿ. ಆಮೇಲೆ ದನಿ ತಗ್ಗಿಸಿ, "ಆದ್ರೆ ನೀನು ಯಾಕೆ..." ಎಂದು ಏನೋ ಕೇಳಹೋದಳು.

ಅಂಜಿನಮ್ಮ ರೇಗಿದಳು. "ಸೊಸೈಟಿಯೋರು ಇಂಗೆ ಪರವಾಗಿಲ್ಲ ಅಂತಾರಾ? ಮನೆ ಇಚಾರ ಕೇಳ್ತಾರಾ? ದುಡ್ಡು ತಗೋಬೇಕು, ದಂಡ ಹಾಕ್ಬೇಕು, ರಸೀತಿ ಕೊಡ್ಬೇಕು, ಅಷ್ಟೇ. ಆರು ತಿಂಗಳು ನೀನು ನನ್ನ ಸ್ನೇಹಿತಿ ಅಲ್ಲ ಕುಬ್ರಾಬಿ, ಆಫೀಸು."

ಕುಬ್ರಾಬಿ ಕನ್ನಡಕದ ಮೇಲಿನಿಂದ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಾಲ್ಕಾಣೆ ದಂಡ ಹಾಕಿ, ರಸೀತಿ ಬರೆದು ಕೊಟ್ಟಳು. ಇಪ್ಪತ್ತಮೂರು ರೂಪಾಯಿ ನಾಲ್ಕಾಣೆಗೆ ರಸೀತಿ ಇಷ್ಟು ಉದ್ದ ಯಾಕೆ ಅಂತ ಅಂಜಿನಮ್ಮನಿಗೆ ಅನ್ನಿಸಿತು. ಉರ್ದುವೇ ಹಾಗೆ ಇರಬೇಕು ಅಂದುಕೊಂಡಳು.

ಅವತ್ತು ಊಟದ ಹೊತ್ತಿಗೆ ಒಂಬತ್ತು ರೂಪಾಯಿಯ ಸುದ್ದಿ ಕೇಳಿ ಪಿಳ್ಳಪ್ಪನ ಮುಖ ಬಾಡಿತು. ಮುದ್ದೆ ನುಂಗುವುದನ್ನು ನಿಲ್ಲಿಸಿ ಸೂರಿನ ಕಡೆ ನೋಡಿದ, ಅಲ್ಲಿ ತಾರಸಿ ಇದ್ದಿದ್ದರೆ ಹೇಗಿರುತ್ತಿತ್ತು ಅಂತ. ದೊಡ್ಡಮುನಿಯಮ್ಮ ಮಗನ ಮುಖ ನೋಡಿದಳು. ಇಬ್ಬರೂ ಏನೂ ಹೇಳಲಿಲ್ಲ. ಆ ಮನೆಯ ರೋಗವೇ ಅದು, ಯಾರೂ ಏನೂ ಹೇಳುತ್ತಿರಲಿಲ್ಲ.

ಫೆಬ್ರವರಿ ಕೊನೆಗೆ ಅಂಜಿನಮ್ಮ ಡಬ್ಬ ಇಳಿಸಿ, ಇಪ್ಪತ್ತಮೂರು ಇರುತ್ತದೆಂದು ಕೈ ಹಾಕಿದರೆ ಮೂವತ್ತೆರಡು! ಮತ್ತೆ ಎಣಿಸಿದಳು. ಮೂವತ್ತೆರಡೇ. ಅವಳ ಜೀವಮಾನದಲ್ಲಿ ತಲೆಯ ಲೆಕ್ಕಕ್ಕೂ ಡಬ್ಬದ ಲೆಕ್ಕಕ್ಕೂ ಒಂದು ಕಾಸಿನ ವ್ಯತ್ಯಾಸ ಬಂದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮನೆಯವರನ್ನು ಕೇಳುತ್ತಿದ್ದರು. ಇವಳು ಕೇಳಲಿಲ್ಲ. ಕೇಳಿದರೆ ಅಂಜಿನಮ್ಮನಿಗೂ ಲೆಕ್ಕ ತಪ್ಪುತ್ತದೆ ಅಂತ ವಠಾರಕ್ಕೆಲ್ಲ ಗೊತ್ತಾಗುವುದಿಲ್ಲವೇ? ಕೂತು ಯೋಚಿಸಿದಳು. ಕೊನೆಗೆ ಅಪರಾಧಿಯನ್ನು ಹಿಡಿದೂ ಬಿಟ್ಟಳು: ಇದು ನಯಾಪೈಸೆಯ ಕಿತಾಪತಿ. ಪ್ರತಿ ಆಣೆಗೂ ಕಾಲು ಪೈಸೆ ಅಲ್ಲಿ ಇಲ್ಲಿ ಮುರಿದು, ತಿಂಗಳ ಕೊನೆಗೆ ಒಂಬತ್ತು ರೂಪಾಯಿ ಆಗಿರಬೇಕು. ತಾನು ನಾಲ್ಕು ವರ್ಷದಿಂದ ಊರಿಗೆಲ್ಲ ಪೈಸೆ ಲೆಕ್ಕ ಹೇಳಿಕೊಟ್ಟವಳು, ತನ್ನ ಮನೆಯಲ್ಲೇ ತಪ್ಪಿದೆನಲ್ಲ ಅಂತ ನಾಚಿಕೆಯಾಯಿತು. ಆದರೂ ಮೂವತ್ತೆರಡು ಮೂವತ್ತೆರಡೇ. ಸೆರಗಿನಲ್ಲಿ ಕಟ್ಟಿಕೊಂಡು ಕುಬ್ರಾಬಿಯ ಆಫೀಸಿಗೆ ನಡೆದಳು.

ಮಾರ್ಚಿನಲ್ಲಿ ಮತ್ತೆ ಮೂವತ್ತೆರಡು. ಏಪ್ರಿಲ್‌ನಲ್ಲಿ ಮತ್ತೆ. ಈಗ ನಯಾಪೈಸೆಯ ಮೇಲೆ ಹೊರಿಸುವುದು ಅವಳಿಗೇ ಕಷ್ಟವಾಯಿತು. ಹಾಗಾದರೆ ಇದು ಲಕ್ಷ್ಮಿಯೇ ಅಂತ ತೀರ್ಮಾನಕ್ಕೆ ಬಂದಳು. ಶುಕ್ರವಾರ ಬಿಸ್ಕತ್ ಡಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ಹೂವಿಟ್ಟು, ಊದುಬತ್ತಿ ಬೆಳಗಿದಳು. ಡಬ್ಬದ ಮೇಲೆ ಬಿಸ್ಕತ್ ತಿನ್ನುತ್ತಿದ್ದ ದೊರೆಸಾನಿಯ ಚಿತ್ರಕ್ಕೂ ಹಣೆಗೆ ಕುಂಕುಮ ಬಂತು. ದೊಡ್ಡಮುನಿಯಮ್ಮ ಪಕ್ಕದಲ್ಲಿ ನಿಂತು, ಭಕ್ತಿಯಿಂದ ಕೆನ್ನೆ ಬಡಿದುಕೊಂಡಳು.

ಮುದುಕಿಯ ಧೈರ್ಯ ನೋಡಿ. ಆ ಡಬ್ಬಕ್ಕೆ ವಾರಕ್ಕೆ ಮುಕ್ಕಾಲು ರೂಪಾಯಿ ವಾಪಸ್ ಹಾಕುತ್ತಿದ್ದವಳು ಅವಳೇ. ಸೋಮವಾರ ಸೊಸೆ ಎಲೆ ಅಡಿಕೆಗೆ ಕೊಟ್ಟದ್ದನ್ನು ಮಂಗಳವಾರ ಸೊಸೆ ನಲ್ಲಿಗೆ ಹೋದಾಗ ಡಬ್ಬದೊಳಗೆ ಇಳಿಸುತ್ತಿದ್ದಳು. ಬಾಯಿ ಸುಮ್ಮನಿದ್ದರೆ ಅನುಮಾನ ಬಂದೀತೆಂದು ಅಂಗಳದ ಸೀಬೆಮರದ ಎಳೆ ಎಲೆ ಕಿತ್ತು, ಮಡಚಿ, ದವಡೆಗೆ ಇಟ್ಟುಕೊಂಡು ದಿನವಿಡೀ ಅಗಿಯುತ್ತಿದ್ದಳು. ಪಿಳ್ಳಪ್ಪನೂ ಕಮ್ಮಿ ಇಲ್ಲ. ಭಾನುವಾರ ಭಾನುವಾರ ಗೊರಗುಂಟೆಪಾಳ್ಯದಲ್ಲಿ ಭಜನೆ ಅಂತ ಹೊರಟುಬಿಡುತ್ತಿದ್ದ. ಅಲ್ಲಿ ದ್ರಾಕ್ಷಿ ತೋಟದವರ ಪಂಪ್‌ಸೆಟ್ ಬಿಚ್ಚಿ ಜೋಡಿಸಿ, ಸಂಜೆ ಒಂದೂವರೆ ರೂಪಾಯಿ ತಂದು ಡಬ್ಬಕ್ಕೆ ಹಾಕುತ್ತಿದ್ದ. ತಾಯಿ ಹಾಕುವುದು ಮಗನಿಗೆ ಗೊತ್ತಿಲ್ಲ, ಮಗ ಹಾಕುವುದು ತಾಯಿಗೆ ಗೊತ್ತಿಲ್ಲ. ಹಾಗಾಗಿ, ತಾವು ಹಾಕಿದ್ದಕ್ಕಿಂತ ಹೆಚ್ಚೇ ಕಂಡು, ಪೂಜೆಯ ಹೊತ್ತಿಗೆ ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪ ನಿಜವಾದ ಭಕ್ತಿಯೂ ಬಂದಿತ್ತು.

ಜೂನ್ ಕಂತೂ ಕಟ್ಟಿಯಾಯಿತು. ಅಂಜಿನಮ್ಮನ ಮನಸ್ಸು ಈಗ ಆರು ಸಾವಿರದ ಕಡೆ ಪೂರ್ತಿ ವಾಲಿತ್ತು. ನಲ್ಲಿಯ ಹತ್ತಿರ "ನಮ್ದು ತಾರಸಿ ಮನೆ" ಅಂತ ಒಂದೆರಡು ಸಲ ಹೇಳಿಯೂ ಬಿಟ್ಟಿದ್ದಳು. ಜುಲೈ ಮೊದಲ ಭಾನುವಾರ ಮಧ್ಯಾಹ್ನ, ಒಟ್ಟು ಎಷ್ಟಾಯಿತೆಂದು ಸೊಸೈಟಿಯ ಬಾಯಿಂದಲೇ ಕೇಳಿಬಿಡೋಣವೆಂದು ಆರು ರಸೀತಿ ಹಿಡಿದು, ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಎದುರು ಮನೆಗೆ ಹೋದಳು. ಪಿಳ್ಳಪ್ಪನ ಕೈಯಲ್ಲಿ ಭಜನೆಗೆ ಹೊರಟ ಚೀಲವಿತ್ತು.

"ಓದು ಕುಬ್ರಾಬಿ. ಇವತ್ತಿಗೆ ನಿನ್ನ ಆಫೀಸು ಬಂದ್."

ಕುಬ್ರಾಬಿ ಕನ್ನಡಕ ಹಾಕಿಕೊಂಡಳು. ಮುಖ ಗಂಟಾಗಿತ್ತು. "ಎಲ್ಲಾ ಓದ್ಲಾ? ಬರೆದಿದ್ದೆಲ್ಲಾ?"

"ಮತ್ತೆ ಅರ್ಧ ಓದ್ತೀಯಾ?"

"ಜನವರಿ," ಎಂದು ಕುಬ್ರಾಬಿ ಶುರುಮಾಡಿದಳು. "ಇಪ್ಪತ್ತಮೂರು ರೂಪಾಯಿ ಬಂತು. ದಂಡ ನಾಲ್ಕಾಣೆ. ಅಂಜಿನಮ್ಮ ಪಿತ್ತ ಅಂತ ಹೇಳಿ ಕಾಫಿ ಬಿಟ್ಟಿದ್ದಾಳೆ. ಪಿತ್ತ ಅಲ್ಲ, ಕಾಫಿಪುಡಿ ತರೋದು ನಿಲ್ಸಿದ್ದಾಳೆ. ಅವಳ ಮನೇಲಿ ಕಾಫಿ ಇಲ್ಲ ಅಂತ ನನ್ನ ಮನೆ ಟೀಗೂ ಬರ್ತಿಲ್ಲ."

ಅಂಜಿನಮ್ಮನ ಮುಖ ಕೆಂಪಾಯಿತು. "ಇದನ್ನೆಲ್ಲ ಯಾಕೆ ಬರೆದೆ? ದುಡ್ಡು ಓದು ಅಂದ್ರೆ..."

"ಫೆಬ್ರವರಿ. ಮೂವತ್ತೆರಡು ರೂಪಾಯಿ. ದೊಡ್ಡಮುನಿಯಮ್ಮ ಅಜ್ಜಿ ಎಲೆ ಅಡಿಕೆ ಬಿಟ್ಟು ಸೀಬೆ ಎಲೆ ಅಗೀತಾರೆ. ಮರ ನನ್ನ ಬಾಗಿಲ ಮುಂದೇನೇ ಇದೆ, ನನಗೆ ಕಾಣುತ್ತೆ. ಬಾಯಿ ಹಸಿರು."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಗಿಯುತ್ತಿದ್ದ ದವಡೆ ಗಕ್ಕನೆ ನಿಂತಿತು.

"ಮಾರ್ಚ್. ಮೂವತ್ತೆರಡು ರೂಪಾಯಿ. ಪಿಳ್ಳಪ್ಪಣ್ಣ ಭಾನುವಾರ ಭಜನೆಗೆ ಸ್ಪ್ಯಾನರ್ ತಗೊಂಡು ಹೋಗ್ತಾರೆ. ನಮ್ಮೋರು ಗೊರಗುಂಟೆಪಾಳ್ಯದಾಗೆ ನೋಡಿದ್ರು, ದ್ರಾಕ್ಷಿ ತೋಟದ ಬಾವಿಯೊಳಗೆ ಇಳಿದಿದ್ರಂತೆ."

ಪಿಳ್ಳಪ್ಪ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ. ಒಳಗಿನಿಂದ ಕಬ್ಬಿಣದ ಸದ್ದು ಬಂತು, ತಾಳದ ಸದ್ದಲ್ಲ.

"ಏಪ್ರಿಲ್," ಎಂದ ಕುಬ್ರಾಬಿಯ ದನಿ ಈಗ ಒಡೆದಿತ್ತು. "ಮೂವತ್ತೆರಡು ರೂಪಾಯಿ. ಈ ತಿಂಗಳೂ ಅಂಜಿನಮ್ಮ ಕಾಫಿಗೆ ಕರೀಲಿಲ್ಲ. ಮೇ, ಮೂವತ್ತೆರಡು ರೂಪಾಯಿ. ಕರೀಲಿಲ್ಲ. ಜೂನ್..." ಅವಳು ಕನ್ನಡಕ ತೆಗೆದಿಟ್ಟಳು. "ಎದುರುಬದುರು ಮನೇಲಿದ್ದು ಆರು ತಿಂಗಳು ಒಬ್ಳೇ ಕೂತು ಟೀ ಕುಡಿದಿದ್ದೀನಿ ಕಣಮ್ಮಾ. ಮಾತಾಡಬೇಡ, ನೀನು ಆಫೀಸು ಅಂತ ನೀನೇ ಅಂದೆ. ಆಯ್ತು ಅಂತ ಬಾಯಿ ಮುಚ್ಕೊಂಡೆ. ಬರೆಯೋದಕ್ಕೆ ಬೇಡ ಅಂದಿರ್ಲಿಲ್ವಲ್ಲ, ಬರೆದೆ."

ಅಂಜಿನಮ್ಮ ಅತ್ತೆಯ ಮೇಲೆ ಹಾರಿದಳು. "ಏನತ್ತೆ ಇದು? ಸೀಬೆ ಎಲೆ ಅಗಿಯೋಕೆ ನೀವೇನು ಮೇಕೆನಾ? ನಾನು ಹೆಂಗಸು ಇಷ್ಟು ಕಷ್ಟಪಟ್ಟು ಲೆಕ್ಕ ಹಾಕ್ತಿದ್ರೆ ನೀವು ಕದ್ದು ತಂದು ಹಾಕೋದಾ? ಕದ್ದು ತಗೊಳ್ಳೋರನ್ನ ಕಂಡಿದ್ದೀನಿ, ಕದ್ದು ಹಾಕೋರನ್ನ ಈ ಮನೇಲೇ ಕಂಡಿದ್ದು!" ಆಮೇಲೆ ಗಂಡನ ಕಡೆ ತಿರುಗಿದಳು. "ನೀವೂ ಅಷ್ಟೇ. ಆರು ದಿನ ಕಾರ್ಖಾನೇಲಿ ದುಡಿದು ಏಳನೇ ದಿನ ಬಾವಿಗೆ ಇಳೀತೀರಲ್ಲ, ಹದಿನೈದು ವರ್ಷ ಇಳೀತೀರಾ? ಕಾಲು ಜಾರಿದ್ರೆ ತಾರಸಿ ಮೇಲೆ ಯಾರು ಮಲಗ್ತಾರೆ, ನಾನೊಬ್ಳೇನಾ?"

"ಮತ್ತೆ ನೀನು?" ಅಂದಳು ಕುಬ್ರಾಬಿ.

ತನ್ನ ಕಾಫಿ ಲೆಕ್ಕಕ್ಕೇ ಬಂದಿರಲಿಲ್ಲ ಅಂಜಿನಮ್ಮನಿಗೆ. ಅದು ತನ್ನದು, ತಾನೇ ಬಿಟ್ಟದ್ದು, ಅದಕ್ಕೇನು ಅಂತ ಇದ್ದುಬಿಟ್ಟಿದ್ದಳು. ಅತ್ತೆಯೂ ಹಾಗೇ ಅಂದುಕೊಂಡಿದ್ದಳು, ಗಂಡನೂ ಹಾಗೇ. ಮೂವರೂ ಒಬ್ಬರ ಕಣ್ಣಿಗೆ ಒಬ್ಬರು ಮಣ್ಣೆರಚಿ, ಮೇಲೆ ಆ ಬಿಸ್ಕತ್ ಡಬ್ಬಕ್ಕೆ ಊದುಬತ್ತಿ ಬೆಳಗಿದ್ದು ನೆನಪಾಗಿ ಅವಳಿಗೆ ತಡೆಯಲಾರದ ನಗು ಬಂತು. ಅವಳು ನಕ್ಕಿದ್ದು ನೋಡಿ ಪಿಳ್ಳಪ್ಪ ನಕ್ಕ. ಅಜ್ಜಿ ದವಡೆಯಲ್ಲಿದ್ದ ಸೀಬೆ ಎಲೆಯನ್ನು ಅಂಗಳಕ್ಕೆ ಉಗಿದು, "ಥೂ, ಆರು ತಿಂಗಳಾದ್ರೂ ಇದರ ರುಚಿ ಹಿಡೀಲಿಲ್ಲ" ಅಂದಳು. ಕುಬ್ರಾಬಿ ಅಳುತ್ತಲೇ ನಕ್ಕಳು. ನಗುವಿನ ಸದ್ದಿಗೆ ನಲ್ಲಿಯ ಹತ್ತಿರ ಇದ್ದವರು ಕೊಡ ಬಿಟ್ಟು ಬಂದು ಇಣುಕಿದರು.

ಆಮೇಲೆ ಕುಬ್ರಾಬಿಯ ಹೊಸಿಲ ಮೇಲೇ ಕೂತು ಅಂಜಿನಮ್ಮ ಲೆಕ್ಕ ಹಾಕಿದಳು. ಅಜ್ಜಿಯ ಎಲೆ ಅಡಿಕೆ ತಿಂಗಳಿಗೆ ಮೂರು. ಕಾಫಿ ಎರಡು. ಪಂಪ್‌ಸೆಟ್ಟಿನದು ಆರು. ಒಟ್ಟು ಹನ್ನೊಂದು. ಮೂವತ್ತೆರಡರಲ್ಲಿ ಹನ್ನೊಂದು ಹೋದರೆ ಇಪ್ಪತ್ತೊಂದು.

ಇಪ್ಪತ್ತೊಂದು! ಅವಳು ಎದ್ದು ನಿಂತೇಬಿಟ್ಟಳು. ಡಿಸೆಂಬರಿನಲ್ಲಿ ತಾನು ಹೇಳಿದ್ದು ಅದೇ ಅಲ್ಲವೇ? ಚೀಟಿಯ ಇಪ್ಪತ್ತು, ಅದರ ಮೇಲೆ ಒಂದು. ತಲೆ ತಪ್ಪಿರಲಿಲ್ಲ, ನಯಾಪೈಸೆ ತಪ್ಪಿರಲಿಲ್ಲ, ಲಕ್ಷ್ಮಿ ಬಂದೂ ಇರಲಿಲ್ಲ. ಐದು ತಿಂಗಳು ತನ್ನ ತಲೆಯನ್ನು ತಾನೇ ಅನುಮಾನಿಸಿದ್ದಕ್ಕೆ ಅವಳು ಮನಸ್ಸಿನಲ್ಲೇ ತಪ್ಪಾಯಿತು ಅಂದುಕೊಂಡಳು. ಕಳೆದುಹೋಯಿತು ಅಂದುಕೊಂಡಿದ್ದ ಒಡವೆ ಸಿಕ್ಕಷ್ಟು ಸಂತೋಷವಾಯಿತು ಅವಳಿಗೆ.

"ಇಪ್ಪತ್ತೊಂದೂ ಕಟ್ಟೋದು ಬೇಡ," ಅಂದಳು. "ಜ್ವರ ಬರ್ತದೆ, ನೆಂಟರು ಬರ್ತಾರೆ. ಐದು ರೂಪಾಯಿ ಕೈಯಾಗೆ ಇರ್ಲಿ. ಹದಿನಾರು. ಬಾಡಿಗೆ ಹದಿನೆಂಟು ಸೇರಿಸಿದ್ರೆ ಮೂವತ್ನಾಲ್ಕು. ನಾಲ್ಕು ಸಾವಿರಕ್ಕೆ ಕಂತು ಮೂವತ್ನಾಲ್ಕೇ. ಹೆಂಚಿನ ಮನೆ."

ನಗು ಅಲ್ಲಿಗೆ ನಿಂತಿತು. ಪಿಳ್ಳಪ್ಪ ನೆಲ ನೋಡುತ್ತ ಕೂತ. ದೊಡ್ಡಮುನಿಯಮ್ಮನಿಗೆ ಕಣ್ಣಲ್ಲಿ ನೀರು ಬಂತು. "ನನ್ನ ಎಲೆ ಅಡಿಕೆಗೋಸ್ಕರ ಮಗನ ತಾರಸಿ ಓಗ್ತದಾ? ಬೇಡ ಕಣಮ್ಮಿ. ನನಗೇನು, ಇವತ್ತೋ ನಾಳೆಯೋ. ಸೀಬೆ ಎಲೇನೇ ಆಯ್ತದೆ."

"ಅತ್ತೆ, ಬಾಯಿ ಮುಚ್ಕೊಂಡು ಕೂತ್ಕೊಳಿ," ಅಂದಳು ಅಂಜಿನಮ್ಮ. "ನೀವು ಬಾಯಿ ಕೆಂಪು ಮಾಡ್ಕೊಂಡು ಜಗಲಿ ಮೇಲೆ ಕೂತು ಓಗೋರು ಬರೋರನ್ನೆಲ್ಲ ಬೈತಾ ಇರ್ಬೇಕು. ಅಂಥ ಮನೆ ಬೇಕು ನನಗೆ. ನೀವು ಉಪವಾಸ ಬಿದ್ದಂಗೆ ಮೂಲೇಲಿ ಕೂರೋ ಮನೆ, ಅದರ ಮೇಲೆ ಎರಡು ತಾರಸಿ ಇದ್ರೂ ಬೇಡ."

ಕುಬ್ರಾಬಿ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಒಂದು ಗಂಟು ತಂದಳು. ನೂರ ಎಂಬತ್ತಮೂರು ರೂಪಾಯಿ ನಾಲ್ಕಾಣೆ, ದಂಡದ ಸಮೇತ. ಏಪ್ರಿಲ್‌ನಲ್ಲಿ ಮುಜಫ್ಫರ್‌ಗೆ ಹದಿನೈದು ದಿನ ಕೂಲಿ ಸಿಗದೆ ಹೋದಾಗಲೂ ಅವಳು ಅದರ ಗಂಟು ಬಿಚ್ಚಿರಲಿಲ್ಲ. ಅಂಜಿನಮ್ಮ ಅದರಿಂದ ನಾಲ್ಕಾಣೆ ಎತ್ತಿ ಮಗಳನ್ನು ಅಂಗಡಿಗೆ ಓಡಿಸಿದಳು, ಕಾಫಿಪುಡಿಗೆ. ಅವತ್ತು ಮೂರು ಗಂಟೆಗೆ ಮೊದಲು ಕಾಫಿ ಆಯಿತು, ಅದರ ಬೆನ್ನಿಗೇ ಟೀ ಆಯಿತು. ಆರು ತಿಂಗಳ ಬಾಕಿ ಮಾತು ಮುಗಿಯುವಷ್ಟರಲ್ಲಿ ಬೀದಿ ದೀಪ ಹತ್ತಿತು. ಪಿಳ್ಳಪ್ಪನಿಗೆ ಅಲ್ಲಿ ಮಾತಿಗೆ ಜಾಗವಿರಲಿಲ್ಲ, ಇದ್ದಿದ್ದರೂ ಅವನು ಆಡುತ್ತಿರಲಿಲ್ಲ.

ಅದೇ ಅಂಜಿನಮ್ಮನಿಗೆ ಚಿಂತೆಯಾದದ್ದು. ಅವನು ಸರಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಸೋಮವಾರ ಸುಮ್ಮನೆ ಕೆಲಸಕ್ಕೆ ಹೋದ, ಸುಮ್ಮನೆ ಬಂದ. ಒಂದು ಸಂಜೆ ಮತ್ತಿಕೆರೆಯ ಸೈಟಿನ ಹತ್ತಿರ ಹೋಗಿ ನಿಂತಿದ್ದನಂತೆ, ಅಲ್ಲಿಂದ ರೈಲು ಕಾಣುತ್ತದೋ ಇಲ್ಲವೋ ಅಂತ ನೋಡಲು. ಸಾಲ ಅವನ ಹೆಸರಿನಲ್ಲಿ, ಸದಸ್ಯ ಅವನು, ಸೊಸೈಟಿಯಲ್ಲಿ ಬಾಯಿ ಬಿಡಬೇಕಾದವನೂ ಅವನೇ. ಆರು ಅಂದುಬಿಟ್ಟರೆ? ಮತ್ತೆ ಯಾರ್ಯಾರು ಏನೇನನ್ನು ಕದ್ದುಮುಚ್ಚಿ ಬಿಡಬೇಕೋ, ಅದೂ ಹದಿನೈದು ವರ್ಷ. ಅವಳಿಗೆ ಆ ವಾರ ಸರಿಯಾಗಿ ಊಟ ಸೇರಲಿಲ್ಲ. ಆದರೂ ಅವಳು ಅವನನ್ನು ಒತ್ತಾಯಿಸಲಿಲ್ಲ. ತಾನು ಹೇಳಿಸಿದ ಮಾತು ಬೇಡ, ಅವನೇ ಆಡುವ ಮಾತು ಬೇಕಿತ್ತು ಅವಳಿಗೆ.

ಜುಲೈ ಹತ್ತಕ್ಕೆ ಇಬ್ಬರೂ ಸೊಸೈಟಿಗೆ ಹೋದರು. ವಾರಸುದಾರಳು ಅಂತ ಅವಳ ಹೆಬ್ಬೆಟ್ಟೂ ಬೇಕಿತ್ತು. ಒಂದು ಕೋಣೆ, ಎರಡು ಬೀರು. ಕೃಷ್ಣಯ್ಯನವರ ತಲೆಯ ಮೇಲಿನ ಗೋಡೆಗೆ ಒಂದು ತಾರಸಿ ಮನೆಯ ನಕ್ಷೆ, ನೀಲಿ ಗೆರೆಗಳಲ್ಲಿ, ಮೆಟ್ಟಿಲು ಸಮೇತ. ಪಿಳ್ಳಪ್ಪ ಅದರ ಎದುರಿಗೇ ಕೂತ. ಕೃಷ್ಣಯ್ಯನವರು ಒಳ್ಳೆಯ ಮನುಷ್ಯ, ಹಳೆಯ ಕಾಲದವರು. ಅರ್ಜಿಯಲ್ಲಿ ಆಗಲೇ ಪೆನ್ಸಿಲಿನಲ್ಲಿ ಆರು ಸಾವಿರ ಅಂತ ಬರೆದು ಇಟ್ಟುಕೊಂಡಿದ್ದರು.

"ಎಲ್ಲರೂ ಇದನ್ನೇ ಕೇಳೋದು," ಅಂದರು. "ಕೆಲವರು ಇನ್ನೂ ಹೆಚ್ಚಿಗೆ ಕೊಡಿ ಅಂತ ಜಗಳ ಆಡ್ತಾರೆ. ಇಂಕಿನಲ್ಲಿ ಬರೆದುಬಿಡ್ಲಾ ಪಿಳ್ಳಪ್ಪ?"

ಪಿಳ್ಳಪ್ಪ ನಕ್ಷೆಯನ್ನೇ ನೋಡುತ್ತಿದ್ದ. ಅಂಜಿನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು.

"ನಾಲ್ಕು ಬರೀರಿ ಸಾರ್," ಅಂದ ಪಿಳ್ಳಪ್ಪ.

"ನಾಲ್ಕಾ? ಯಾಕ್ರೀ? ನಿಮ್ಮ ಸಂಬಳ ಆರನ್ನ ಆರಾಮಾಗಿ ತಡ್ಕೊಳ್ಳುತ್ತೆ."

"ಸಂಬಳ ತಡ್ಕೊಳ್ಳುತ್ತೆ ಸಾರ್," ಅಂದ ಅವನು. ಸ್ವಲ್ಪ ತಡೆದ. ಮುಂದಿನದನ್ನು ಎಂದಿನಂತೆ ನುಂಗುತ್ತಾನೆ ಅಂದುಕೊಂಡಳು ಅಂಜಿನಮ್ಮ. ನುಂಗಲಿಲ್ಲ. "ಮನೇಲಿರೋರೂ ತಡ್ಕೊಳ್ತಾರೆ. ಬಾಯಿ ಬಿಡದೆ ತಡ್ಕೊಳ್ತಾರೆ ಸಾರ್. ಅದಕ್ಕೇ ಬೇಡ."

ಕೃಷ್ಣಯ್ಯನವರು ಕನ್ನಡಕದೊಳಗಿಂದ ಅವನನ್ನು ನೋಡಿದರು, ಆಮೇಲೆ ಅಂಜಿನಮ್ಮನನ್ನು ನೋಡಿದರು. ರಬ್ಬರ್ ಹುಡುಕಿ ಆರನ್ನು ಅಳಿಸಿ, ಇಂಕಿನಲ್ಲಿ ನಾಲ್ಕು ಸಾವಿರ ಎಂದು ದಪ್ಪಗೆ ಬರೆದರು.

ಹದಿನೈದು ವರ್ಷದ ಸಾಲ ಅಂದರೆ ಅಂಜಿನಮ್ಮನಿಗೆ ಮೊದಲಿನಿಂದ ಒಳಗೊಳಗೇ ಒಂದು ಭಯ ಇತ್ತು. ಅದು ಲೆಕ್ಕದ ಭಯ ಅಂತ ಅವಳು ತಿಳಿದಿದ್ದಳು. ಲೆಕ್ಕ ಸರಿಹೋದ ಮೇಲೂ ಅದು ಹೋಗಿರಲಿಲ್ಲ. ಈಗ ಹೋಯಿತು. ಈ ಮನುಷ್ಯನ ಜೊತೆ ಸಾಲ ಮಾಡಬಹುದು ಅಂತ ಅನ್ನಿಸಿತು ಅವಳಿಗೆ. ಕೃಷ್ಣಯ್ಯನವರು ತೋರಿಸಿದ ಕಡೆ ಹೆಬ್ಬೆಟ್ಟು ಇಟ್ಟು, ಅವರು ಸಾಕಮ್ಮಾ ಅನ್ನುವವರೆಗೂ ಒತ್ತಿ ಹಿಡಿದಳು.